ಗಾಳಿ ಹಿಡಿದ ತಗಡು

ಅಕ್ಕನ ಬಾಣಂತನಕ್ಕೆಂದು ನಿಲ್ಕುಂದದ ಕಡೆಯಿಂದ ಶಿರಸಿಗೆ ಬಂದವಳು ನಾನು, ಎಂಟು ವರ್ಷ ಅಲ್ಲೇ ಉಳಿದುಬಿಟ್ಟೆ. ಅಮ್ಮ ತೀರಿಕೊಂಡಿದ್ದಳು. ಹೀಗಾಗಿ ಅಕ್ಕ ತವರಿಗೆ ಬರುವ ಬದಲು ನಾನೇ ಅವಳ ಮನೆಗೆ ಹೋದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಮಗುವಿಗೆ ಆರು ತಿಂಗಳಾದಾಗ ಭಾವ, "ಮನೇಲಿ ಕೂತು ಎಂತ ಮಾಡ್ತೆ ಕೂಸೆ, ಅಂಗಡಿಗೆ ಬಾ, ಬಿಲ್ ಬರೆ" ಎಂದ. ಹೋದೆ.

ಭಾವನದ್ದು ತಕ್ಕಡಿ ರಿಪೇರಿಯ ಅಂಗಡಿ. ಪೇಟೆಯ ಒಂದು ಓಣಿಯಲ್ಲಿ, ಎರಡು ಕೋಣೆ. ಮುಂದಿನದರಲ್ಲಿ ಗಿರಾಕಿಗಳು, ಹಿಂದಿನದರಲ್ಲಿ ಕೆಲಸ. ಸೊಸೈಟಿಗಳ ದೊಡ್ಡ ತಕ್ಕಡಿ, ಕಿರಾಣಿ ಅಂಗಡಿಗಳ ಸಣ್ಣ ತಕ್ಕಡಿ, ಗೋಣಿಚೀಲ ತೂಗಿ ತೂಗಿ ಸೋತುಹೋದ ಸ್ಪ್ರಿಂಗ್ ತಕ್ಕಡಿ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಸರಕಾರದವರು ವರ್ಷಕ್ಕೊಮ್ಮೆ ಬಂದು ತಕ್ಕಡಿಗಳಿಗೆ ಮುದ್ರೆ ಹಾಕುವ ದಿನ ಹತ್ತಿರವಾದಂತೆ ಊಟಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ. ನಾನು ಬಿಲ್ ಬರೆಯುತ್ತ, ತೂಕದ ಕಲ್ಲುಗಳಿಗೆ ಸೀಸ ತುಂಬುವುದನ್ನು ಕಲಿತೆ. ಆಮೇಲೆ ಮಿಲ್ಲಿಂಗ್ ಮಶಿನ್ನಿನ ಹತ್ತಿರ ನಿಲ್ಲುವುದನ್ನೂ ಕಲಿತೆ.

ಆ ಮಶಿನ್ನು ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯಿಂದ ಬಂದದ್ದು. ಚಿಕ್ಕದು, ಮೇಜಿನ ಮೇಲಿಟ್ಟರೆ ನನ್ನ ಎದೆಯ ಎತ್ತರ. ಮೇಲಿನಿಂದ ಕಟರ್ ತಿರುಗುತ್ತ ಇಳಿಯುತ್ತದೆ, ಕೆಳಗಿನ ಕಬ್ಬಿಣದ ಹಾಸು ಕೈಚಕ್ರ ತಿರುಗಿಸಿದಷ್ಟೇ ಸರಿಯುತ್ತದೆ. ಭಾವನಿಗೆ ಅದು ಬೇಕಾದದ್ದು ಒಂದೇ ಕೆಲಸಕ್ಕೆ. ಸ್ಪ್ರಿಂಗ್ ತಕ್ಕಡಿಯ ಮುಖದಲ್ಲಿ ಒಂದು ಹಿತ್ತಾಳೆ ಪಟ್ಟಿ ಇರುತ್ತದೆ. ಪಟ್ಟಿಯ ನಡುವೆ ಉದ್ದ ಸೀಳು, ಸೀಳಿನಲ್ಲಿ ಮುಳ್ಳು ಮೇಲೆ ಕೆಳಗೆ ಓಡಾಡುತ್ತದೆ, ಎರಡೂ ಬದಿಗೆ ಕಿಲೋದ ಗೆರೆಗಳು. ಹಳೆಯ ಪಟ್ಟಿ ಕಿಲುಬು ಹಿಡಿದು ಗೆರೆ ಅಳಿಸಿಹೋದರೆ ಹೊಸದನ್ನು ದೂರದಿಂದ ತರಿಸಬೇಕಿತ್ತು. ಭಾವ ತಾನೇ ಮಾಡಲು ಶುರುಮಾಡಿದ.

ಕಷ್ಟವೆಂದರೆ ಪಟ್ಟಿ ಬಹಳ ತೆಳು. ಎರಡು ತುದಿಗೆ ಎರಡು ಕ್ಲ್ಯಾಂಪು ಕೂರಿಸಿ ನಟ್ಟು ಬಿಗಿದರೆ ತುದಿಗಳು ಕೂರುತ್ತವೆ, ನಡುಮಧ್ಯ ಉಬ್ಬುತ್ತದೆ. ಉಬ್ಬಿದಲ್ಲಿ ಕಟರ್ ಕಚ್ಚಿಕೊಂಡಿತೆಂದರೆ ತಗಡನ್ನು ಎತ್ತಿಬಿಡುತ್ತದೆ. ಹಾಗಾಗಿ ಬಿಗಿಯುವ ಕೆಲಸ ನನ್ನದು, ಕಟರ್ ಇಳಿಸುವ ಕೆಲಸ ಭಾವನದು ಎಂದು ಹಂಚಿಕೊಂಡಿದ್ದೆವು. ನನ್ನ ಬೆರಳು ಸಣ್ಣವು, ಕ್ಲ್ಯಾಂಪಿನ ಸಂದಿಗೆ ಹೋಗುತ್ತಿದ್ದವು.

ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಮೊದಲ ನಟ್ಟು ಬಿಗಿದಿದ್ದೆ. ಎರಡನೆಯದನ್ನು ಬೆರಳಲ್ಲಿ ತಿರುಗಿಸಿ ಕೂರಿಸಿ, ಪಾನಾ ಹಾಕಿ ಬಿಗಿಯಬೇಕು ಎನ್ನುವಷ್ಟರಲ್ಲಿ ಮುಂದಿನ ಕೋಣೆಯಿಂದ ಕೂಗು ಬಂತು. ಬನವಾಸಿ ಕಡೆಯ ಅನಾನಸ್ ವ್ಯಾಪಾರಿಯೊಬ್ಬ ತಕ್ಕಡಿ ಹೊತ್ತುಕೊಂಡು ನಿಂತಿದ್ದ.

"ಅಕ್ಕಾರ, ನಾಳೆ ಮುದ್ರಿ ಹಾಕೋರು ಬರ್ತಾರ್ರಿ. ಇವತ್ತ ಹೆಂಗಾರ ಮಾಡಿ ಕೊಡ್ರಿ."

ಅವನ ತಕ್ಕಡಿ ಇಳಿಸಿಕೊಂಡು, ಚೀಟಿ ಬರೆದುಕೊಟ್ಟೆ. ಅವನು ಭಾವನೊಡನೆಯೇ ಮಾತಾಡಬೇಕೆಂದು ನನ್ನ ಹಿಂದೆಯೇ ಒಳಗೆ ಬಂದ. ಭಾವ ಆಗಲೇ ಮಶಿನ್ನಿನ ಮುಂದೆ ನಿಂತಿದ್ದ. ಸ್ವಿಚ್ ಹಾಕಿದ್ದ. ಕಟರ್ ತಿರುಗುತ್ತಿತ್ತು, ಇನ್ನೂ ತಗಡಿಗೆ ತಾಗಿರಲಿಲ್ಲ.

ನನಗೆ ನೆನಪಾಯಿತು. ಇದನ್ನು ನಾನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ತಗಡು ಹಾರಿದ ಮೇಲೆ ನೆನಪಾದದ್ದಲ್ಲ. ಮೊದಲೇ ನೆನಪಾಯಿತು. ಪಾನಾ ಮೇಜಿನ ತುದಿಯಲ್ಲಿ, ನಾನು ಇಟ್ಟಲ್ಲೇ ಇತ್ತು. ಬಾಯಿ ತೆರೆದೆ. ಪರವೂರಿನ ಗಿರಾಕಿ ಪಕ್ಕದಲ್ಲೇ ನಿಂತಿದ್ದಾನೆ. 'ಅಯ್ಯೋ ಬಿಗಿ ಮಾಡಲೇ ಇಲ್ಲ' ಎಂದು ಕೂಗಿದರೆ ಹೆಣ್ಣುಮಗಳನ್ನು ಮಶಿನ್ನಿಗೆ ನಿಲ್ಲಿಸಿದ್ದಕ್ಕೆ ಭಾವನನ್ನು ನೋಡಿ ನಗುತ್ತಾನೆ ಅನ್ನಿಸಿತು. ಭಾವ ಹೇಗೂ ಒಮ್ಮೆ ಕೈಯಾಡಿಸಿ ನೋಡಿರುತ್ತಾನೆ ಎಂದೂ ಅನ್ನಿಸಿತು. ಎರಡು ಉಸಿರಿನಷ್ಟು ಹೊತ್ತು. ಕಟರ್ ಇಳಿಯಿತು.

ತಗಡು ಹಾರಿದ್ದು ನನಗೆ ಕಾಣಲಿಲ್ಲ. ಗೋಡೆಗೆ ಬಡಿದ ಸದ್ದು ಕೇಳಿತು. ಭಾವ ಕೂಗಲಿಲ್ಲ. ಉಸಿರನ್ನು ಒಮ್ಮೆ ಒಳಗೆಳೆದುಕೊಂಡ, ಬಿಸಿ ಪಾತ್ರೆ ಮುಟ್ಟಿದವರು ಎಳೆದುಕೊಳ್ಳುವ ಹಾಗೆ. ಆಮೇಲೆ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ನಿಧಾನವಾಗಿ ಸ್ಟೂಲಿನ ಮೇಲೆ ಕೂತ. "ಸ್ವಿಚ್ ತೆಗಿ" ಎಂದ ನನಗೆ.

ಅನಾನಸ್ ವ್ಯಾಪಾರಿಯೇ ಓಡಿ ರಿಕ್ಷಾ ತಂದ. ಶಿರಸಿಯಲ್ಲಿ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯಲ್ಲಿ ತಲೆಯ ಎಕ್ಸ್‌ರೇ ತೆಗೆದರು, ಲೋಹದ ಚೂರು ಒಳಗುಳಿದಿದೆಯೋ ಎಂದು. ಹತ್ತು ದಿನ ಇಟ್ಟುಕೊಂಡರು. ಕಣ್ಣು ಉಳಿಯಲಿಲ್ಲ.

ಮನೆಗೆ ನೋಡಲು ಬಂದವರಿಗೆಲ್ಲ ಭಾವ ಹೇಳುತ್ತಿದ್ದದ್ದು ಒಂದೇ ಮಾತು. "ತೆಳು ತಗಡು ಹೇಳಿದ್ರೆ ಹಂಗೇಯ. ಯಾರದ್ದೂ ತಪ್ಪಿಲ್ಲೆ." ನಾನು ಅವರಿಗೆ ಚಹಾ ತಂದುಕೊಡುತ್ತಿದ್ದೆ. ಪ್ರತಿ ಸಲವೂ ಆ ಮಾತು ಮುಗಿಯುವವರೆಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಆಮೇಲೆ ಒಳಗೆ ಹೋಗುತ್ತಿದ್ದೆ.

ಮಶಿನ್ನಿನ ಮೇಲೆ ಗೋಣಿತಾಟು ಹೊದಿಸಿದೆವು. ಎರಡು ವರ್ಷ ಹಾಗೇ ಇತ್ತು. ಅಕ್ಕ ಒಂದೇ ಸಮನೆ ಹೇಳುತ್ತಿದ್ದಳು, "ಅದಕ್ಕೆ ಗಾಳಿ ಹಿಡದ್ದು. ಮಾರಿ ಹಾಕು ಹೇಳಿ ನಿನ್ನ ಭಾವಂಗೆ ನೀನಾದ್ರೂ ಹೇಳು." ಅವಳ ಲೆಕ್ಕದಲ್ಲಿ ಮುಚ್ಚಿಹೋದ ಕಾರ್ಖಾನೆಯಲ್ಲಿ ಯಾರೋ ಸತ್ತಿರಬೇಕು, ಅದು ಮಶಿನ್ನಿನ ಜೊತೆ ಬಂದಿದೆ. ನಾನು ಇಲ್ಲವೆನ್ನುತ್ತಿರಲಿಲ್ಲ. ಗಾಳಿ ಹಿಡಿದದ್ದು ಮಶಿನ್ನಿಗಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ನನಗೆ ಬಿಗಿಯುವ ಚಟ ಹತ್ತಿತು. ನಲ್ಲಿ, ಗ್ಯಾಸಿನ ಗುಬುಟು, ಉಪ್ಪಿನಕಾಯಿ ಭರಣಿಯ ದಾರ, ಸಕ್ಕರೆ ಡಬ್ಬಿ, ಯಾವುದನ್ನು ಮುಟ್ಟಿದರೂ ಬಿಗಿ, ತಿರುಗಿ ಬಂದು ಮತ್ತೆ ಬಿಗಿ. "ಇಷ್ಟು ಬಿಗಿ ಯಾರೇ ಮುಚ್ಚಿದ್ದು? ತೆಗೆಯಲೆ ಬತ್ತಿಲ್ಲೆ" ಎಂದು ಅಕ್ಕ ಗೊಣಗುತ್ತ ಡಬ್ಬಿಯನ್ನು ನೆಲಕ್ಕೆ ಕುಟ್ಟುತ್ತಿದ್ದಳು. ಭಾವ ಚಹಾ ಸುರಿದುಕೊಳ್ಳುವಾಗ ಲೋಟದ ಪಕ್ಕಕ್ಕೆ ಸುರಿಯುತ್ತಿದ್ದ. ಒಂದೇ ಕಣ್ಣಿಗೆ ದೂರ ತಿಳಿಯುವುದಿಲ್ಲವಂತೆ. ಚೆಲ್ಲಿದ ಚಹಾವನ್ನು ತಾನೇ ಒರೆಸುತ್ತಿದ್ದ. ಮಗು ಒಂದು ಕಣ್ಣು ಮುಚ್ಚಿಕೊಂಡು ಅವನ ಹಾಗೆ ನಡೆದು ತೋರಿಸುತ್ತಿತ್ತು. ಎಲ್ಲರೂ ನಗುತ್ತಿದ್ದರು, ಭಾವನೂ.

ಬಿಲ್ ಪುಸ್ತಕ ಮುದ್ರಿಸಲು ಕೊಟ್ಟಿದ್ದನ್ನು ತರಲು ಒಂದು ಮಧ್ಯಾಹ್ನ ಪ್ರೆಸ್ಸಿಗೆ ಹೋಗಿದ್ದೆ. ಅಲ್ಲಿ ಹೊಸ ಮಶಿನ್ ಬಂದಿತ್ತು. ರಬ್ಬರಿನ ಪುಟ್ಟ ಬಾಯಿಗಳು ಕಾಗದವನ್ನು ಹೀರಿ ಹಿಡಿದು ಎತ್ತಿ ಮುಂದಕ್ಕೆ ಕೊಡುತ್ತಿದ್ದವು. ಕಾಗದಕ್ಕೆ ಚಿಮುಟ ಇಲ್ಲ, ಕೊಕ್ಕೆ ಇಲ್ಲ. ಬಹಳ ಹೊತ್ತು ನೋಡುತ್ತ ನಿಂತೆ. ತಗಡನ್ನು ಹೀಗೆ ಹಿಡಿದರೆ ನಟ್ಟೇ ಬೇಡ. ನಟ್ಟು ಇಲ್ಲದಿದ್ದರೆ ಯಾರೂ ಅದನ್ನು ಮರೆಯಲಾರರು. ನನಗೆ ತಲೆಯಲ್ಲಿ ಹೊಳೆದದ್ದು ಇಷ್ಟೇ. ಯಂತ್ರದ ಜಾಣತನವೇನಲ್ಲ.

ಭಾವ ನಕ್ಕ. "ಎಂತ ಹುಚ್ಚೇ ಕೂಸೆ? ಗಾಳಿಲಿ ತಗಡು ಹಿಡಿಯದಾ?" ಆದರೆ ಅವನಿಗೂ ಬೇಜಾರು ಬಂದಿತ್ತು. ಗಿರಾಕಿಗಳ ಜೊತೆ ಮಾತಾಡಿ ಹಗಲು ಕಳೆಯುವುದು ಅವನ ಜಾಯಮಾನವಲ್ಲ. ಮರುವಾರ ತಾನೇ ಸಿದ್ದಾಪುರಕ್ಕೆ ಹೋಗಿ, ಐಸ್‌ಕ್ಯಾಂಡಿ ಅಂಗಡಿಯೊಂದು ಗುಜರಿಗೆ ಹಾಕಿದ್ದ ಫ್ರಿಜ್ಜಿನ ಕಂಪ್ರೆಸರ್ ತಂದ. ಗಾಳಿಯನ್ನು ಒಂದು ಬಾಯಿಂದ ಎಳೆದು ಇನ್ನೊಂದರಿಂದ ಉಗುಳುವ ಕಪ್ಪು ಗಡಿಗೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದರಿಂದ ಪಂಚೆಯೆಲ್ಲ ಎಣ್ಣೆ.

ಕೆಲಸ ಮಾಡಿದವಳು ನಾನು, ಹೇಳಿದವನು ಅವನು. ಸ್ವಿಚ್‌ಬೋರ್ಡ್ ಮಾಡುವ ಕಂದು ಬೇಕಲೈಟಿನ ದಪ್ಪ ಹಲಗೆ ಎರಡು ತಂದೆವು. ಕೆಳಗಿನ ಹಲಗೆಯಲ್ಲಿ ಅಡ್ಡ-ಉದ್ದ ಕಾಲುವೆ ಕೊರೆದು ಗಾಳಿ ಓಡಾಡುವ ಹಾಗೆ ಮಾಡಬೇಕು, ಮೇಲಿನದರಲ್ಲಿ ಸಾಲುಸಾಲು ತೂತು, ಕಂಪ್ರೆಸರ್ ಗಾಳಿ ಎಳೆದಾಗ ತಗಡು ಅಂಟಿಕೊಳ್ಳುವುದು ಅಲ್ಲಿ. ಆ ಕಾಲುವೆ ಕೊರೆಯಲು ಗೋಣಿತಾಟು ತೆಗೆದು ಅದೇ ಮಶಿನ್ನನ್ನು ಶುರುಮಾಡಬೇಕಿತ್ತು. ಹಲಗೆ ದಪ್ಪವಿತ್ತು, ನಾಲ್ಕು ಕಡೆ ಬಿಗಿಯಬಹುದಿತ್ತು. ಬಿಗಿದೆ. ಪಾನಾದಿಂದ ಎಷ್ಟು ಸಲ ನೋಡಿದೆನೋ, ಭಾವ ಹಿಂದಿನಿಂದ, "ಸಾಕೇ, ನಟ್ಟು ಮುರದು ಹೋಗ್ತು" ಎಂದ. ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆ. ಒತ್ತಲಿಲ್ಲ. ಅವನು ಬಂದು, ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದ. ನನಗೆ ಹೆದರಿಕೆ ಎಂದು ತಿಳಿದಿದ್ದ ಅವನು. ಅವನು ಹಾಗೆ ತಿಳಿದಿದ್ದಾನೆ ಎನ್ನುವುದನ್ನು ನನಗೆ ಸಹಿಸಲಾಗಲಿಲ್ಲ. ಧೂಳು ಕಣ್ಣಿಗೆ ಹೋಯಿತೆಂದು ಹೇಳಿ ಹೊರಗೆ ಹೋಗಿ ಮುಖ ತೊಳೆದು ಬಂದೆ.

ಮೇಲಿನ ಹಲಗೆಯ ನಡುವೆ ಉದ್ದಕ್ಕೂ ತೂತಿಲ್ಲದ ಜಾಗ ಬಿಟ್ಟೆವು, ಕಟರ್ ಸೀಳು ಕೊರೆಯುವುದು ಅಲ್ಲೇ. ಇಲ್ಲದಿದ್ದರೆ ಸೀಳಿನಿಂದಲೇ ಗಾಳಿ ಒಳಗೆ ನುಗ್ಗುತ್ತದೆ. ಎರಡು ಹಲಗೆ ಸೇರಿಸಿ ಸ್ಕ್ರೂ ಹಾಕಿ, ಅಂಚಿಗೆ ಕಾಯಿಸಿದ ಜೇನುಮೇಣ ಬಳಿದೆವು. ಹಲಗೆಗೂ ಕಂಪ್ರೆಸರಿಗೂ ನಡುವೆ ಗಾಳಿಯ ತೊಟ್ಟಿಯೊಂದು ಬೇಕಿತ್ತು. ಅಕ್ಕನ ಹಳೆಯ ಕುಕ್ಕರ್ ತಂದೆ.

"ಕರೆಂಟ್ ಹೋದ್ರೂ ಸ್ವಲ್ಪ ಹೊತ್ತು ಹಿಡಕಂಡು ಇರಕಾತು ಭಾವ" ಎಂದೆ.

"ಕರೆಂಟ್ ಹೋದ್ರೆ ಕಟರೂ ನಿಲ್ತು ಮಾರಾಯ್ತಿ."

"ನಿಲ್ಲಲೆ ಹೊತ್ತು ಬೇಕಲ. ಅಷ್ಟರಲ್ಲಿ ಬಿಟ್ರೆ?"

ಅವನು ಕುಕ್ಕರಿನ ಬಾಯಿಗೆ ಗಾಳಿ ಹಿಂದಕ್ಕೆ ಹೋಗದಂತೆ ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಕೂರಿಸಿದ.

ಹಿಡಿತವನ್ನು ಪರೀಕ್ಷಿಸುವುದಕ್ಕೆ ನಮ್ಮಲ್ಲಿ ಬೇರೆ ಸಾಧನವೇನೂ ಬೇಕಿರಲಿಲ್ಲ, ಅಂಗಡಿ ತುಂಬ ತಕ್ಕಡಿ. ಹಿತ್ತಾಳೆ ಪಟ್ಟಿಗೆ ಕೊಂಡಿ ಬೆಸೆದು, ಹಲಗೆಯ ಮೇಲಿಟ್ಟು, ಸುತ್ತಲಿನ ತೂತುಗಳಿಗೆ ಸದ್ಯಕ್ಕೆ ಮೇಣ ಒತ್ತಿ, ಕಂಪ್ರೆಸರ್ ಶುರುಮಾಡಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೇಲಕ್ಕೆ ಎಳೆದೆವು. ಏಳು ಕಿಲೋಕ್ಕೆ ಪಟ್ಟಿ ಕಿತ್ತು ಬಂತು. ಎಲ್ಲೋ ಸೋರುತ್ತಿತ್ತು. ಭಾವ ಊದುಬತ್ತಿ ಹಚ್ಚಿ, ಅಂಚಿನ ಉದ್ದಕ್ಕೂ ಹಿಡಿಯುತ್ತ, ಒಂದೇ ಕಣ್ಣನ್ನು ಹೊಗೆಗೆ ಹತ್ತಿರ ಇಟ್ಟು ನೋಡಿದ. ಹೊಗೆ ಎಲ್ಲಿ ಸಟಕ್ಕನೆ ಒಳಗೆ ಹೋಯಿತೋ ಅಲ್ಲಿ ಮೇಣ. ಹತ್ತೊಂಬತ್ತು ಕಿಲೋ ಆಯಿತು. ಮತ್ತೆ ಹೊಗೆ, ಮತ್ತೆ ಮೇಣ. ಪ್ರತಿ ಸಲ ಕಂಪ್ರೆಸರ್ ಹಿಡಿದುಕೊಳ್ಳುವ ಕ್ಷಣಕ್ಕೆ ತಗಡು 'ಸ್ಸ್' ಎಂದು ಹಲಗೆಗೆ ಅಂಟುತ್ತಿತ್ತು. ಆ ಸದ್ದು ನನಗೆ ಗೊತ್ತಿದ್ದ ಸದ್ದು. ಭಾವ ಸ್ಟೂಲಿನ ಮೇಲೆ ಕೂರುವ ಮೊದಲು ಎಳೆದುಕೊಂಡ ಉಸಿರು. ನಾನು ಪ್ರತಿ ಸಲವೂ ತಿರುಗಿ ಅವನನ್ನು ನೋಡುತ್ತಿದ್ದೆ. ಅವನು ಖುಷಿಯಲ್ಲಿದ್ದ.

ಮೂರನೆಯ ದಿನಕ್ಕೆ ಮುಳ್ಳು ನಲವತ್ತು ದಾಟಿತು, ಪಟ್ಟಿ ಅಲ್ಲಾಡಲಿಲ್ಲ. "ಜೀವಮಾನ ಇಡೀ ತೂಕ ನೋಡಿದ್ದು" ಎಂದ ಭಾವ, "ಗಾಳಿ ತೂಕ ನೋಡಿದ್ದು ಇವತ್ತೇಯ." ಮನೆಗೆ ಹೋಗಿ ಅಕ್ಕನಿಗೂ ಹೇಳಿದ. ಅಪಘಾತವಾದ ಮೇಲೆ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಉಳಿದದ್ದು ಒಂದೇ. ಪಟ್ಟಿ ಚಿಕ್ಕದು, ಹಲಗೆ ದೊಡ್ಡದು. ಪಟ್ಟಿಯ ಆಚೆಗಿನ ತೂತುಗಳನ್ನು ಮುಚ್ಚಲು ಮೇಣದ ಬದಲು ತೆಳುವಾದ, ಗಾಳಿ ಬಿಡದ ಹಾಳೆ ಬೇಕಿತ್ತು. ಎಕ್ಸ್‌ರೇ ಫಿಲಂ ಆದೀತು ಎಂದು ಭಾವನೇ ಹೇಳಿದ. ಮರುದಿನ ಬೆಳಿಗ್ಗೆ ಮನೆಯ ಕಪಾಟಿನಿಂದ ಹಳೆಯ ಫಿಲಂಗಳ ಲಕೋಟೆಯೊಂದನ್ನು ತಂದೆ. ಅಕ್ಕನ ಕಾಲು ಉಳುಕಿದಾಗ ತೆಗೆಸಿದ್ದು ಅಂದುಕೊಂಡಿದ್ದೆ. ನೋಡಲೂ ಇಲ್ಲ. ಎರಡು ಹಾಳೆ ಹಾಸಿ, ಪಟ್ಟಿಯ ಅಳತೆಗೆ ನಡುವೆ ಕತ್ತರಿಸಿ, ಕಂಪ್ರೆಸರ್ ಹಾಕಿದೆ. ಹಾಳೆ ಅಂಟಿ ಚಪ್ಪಟೆಯಾಯಿತು. ಕಿಟಕಿಯ ಬೆಳಕು ಅದರ ಮೇಲೆ ಬಿತ್ತು.

ಭಾವ ಬಗ್ಗಿ ನೋಡಿದ.

"ಇದು ಎನ್ನ ತಲೆ ಅಲ್ದನೆ?" ಎಂದ.

ಕಂದು ಹಲಗೆಯ ಮೇಲೆ ತಲೆಬುರುಡೆ ಮಲಗಿತ್ತು. ಕಣ್ಣಿನ ಗುಳಿಗಳಲ್ಲಿ ಒಂದೇ ಉಳಿದಿತ್ತು. ಎಡಗಡೆಯದನ್ನು ನಾನು ಹಿತ್ತಾಳೆ ಪಟ್ಟಿಗೆಂದು ಕತ್ತರಿಸಿ ತೆಗೆದಿದ್ದೆ.

ಅವನಿಗೆ ಅದು ತಮಾಷೆಯಾಗಿ ಕಂಡಿತು. ನಿಜವಾಗಿಯೂ ನಗುತ್ತಿದ್ದ. "ಇರ್ಲಿ ಬಿಡೇ, ಕೆಲಸಕ್ಕೆ ಬಂತಲ" ಎಂದ. ಆ ನಗುವನ್ನು ನೋಡುತ್ತ ನೋಡುತ್ತ ನನ್ನ ಬಾಯಿಂದ ಮಾತು ಬಂದುಬಿಟ್ಟಿತು. ಯೋಚಿಸಿ ಹೇಳಿದ್ದಲ್ಲ.

"ಭಾವ, ಆ ದಿನ ಎರಡನೇ ನಟ್ಟು ಬಿಗಿ ಮಾಡಿದ್ನಿಲ್ಲೆ ಆನು."

ಕಂಪ್ರೆಸರ್ ಓಡುತ್ತಿತ್ತು. ಕೇಳಿಸಲಿಲ್ಲವೇನೋ ಎಂದು ನಾನು ಅದನ್ನು ಆರಿಸಿ, ಮತ್ತೊಮ್ಮೆ ಹೇಳಿದೆ. ಬನವಾಸಿಯವನು ಕರೆದದ್ದು, ಪಾನಾ ಇಟ್ಟು ಹೋದದ್ದು, ಮರೆತದ್ದು. ಅಷ್ಟನ್ನೇ ಹೇಳಿದೆ. ಕಟರ್ ಇಳಿಯುವ ಮೊದಲೇ ನೆನಪಾಗಿತ್ತು ಎನ್ನುವುದನ್ನು ಹೇಳಲಿಲ್ಲ. ಹೇಳುವವಳೇ ಇದ್ದೆ, ಆದರೆ ಅವನ ಮುಖ ಬದಲಾಗಿತ್ತು.

ಅವನು ಸ್ಟೂಲಿನ ಮೇಲೆ ಕೂತ. ಹಾಳೆ ಸೋರುತ್ತದೆಯೇ ನೋಡಲು ಹಚ್ಚಿಕೊಂಡಿದ್ದ ಊದುಬತ್ತಿಯನ್ನು ಆರಿಸಿದ.

"ಹೇಳದಿದ್ರೆ ಚಲೋ ಇತ್ತು ಕೂಸೆ" ಎಂದ. "ಮಶಿನ್ ಕಣ್ಣು ತೆಗತ್ತು ಹೇಳಿ ಇತ್ತು ಇಷ್ಟು ದಿನ. ಮಶಿನ್ ಮೇಲೆ ಎಂತ ಸಿಟ್ಟು ಮಾಡದು? ಇನ್ನು ದಿನಾ ನಿನ್ನ ಮೊಖ ನೋಡಕಾತು."

ಎದ್ದು, ಚಪ್ಪಲಿ ಮೆಟ್ಟಿ, ಮನೆಗೆ ಹೋದ.

ಹನ್ನೊಂದು ದಿನ ಅಂಗಡಿಗೆ ಬರಲಿಲ್ಲ. ಮನೆಯಲ್ಲಿ ಜ್ವರವೆಂದು ಮಲಗಿದ್ದ. ಅಕ್ಕನಿಗೆ ಏನನ್ನೂ ಹೇಳಿರಲಿಲ್ಲ, ಅವಳು ನನ್ನನ್ನೇ ಕೇಳುತ್ತಿದ್ದಳು, "ಎಂತ ಆತೇ ಇಂವಂಗೆ?" ಎಂದು. ಹನ್ನೆರಡನೆಯ ದಿನ ಬಂದ. ಮುಂದಿನ ಕೋಣೆಯಲ್ಲಿ ಕೂತ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಗದರಿದ್ದಿಲ್ಲ, ಸಿಡುಕಿದ್ದಿಲ್ಲ. ಹಿಂದಿನ ಕೋಣೆಗೆ ಮಾತ್ರ ಕಾಲಿಡಲಿಲ್ಲ. 'ಕೂಸೆ' ಎಂದು ಕರೆಯುವುದನ್ನೂ ಬಿಟ್ಟಿದ್ದ. ಏನನ್ನೂ ಕರೆಯದೆ ಮಾತು ಶುರುಮಾಡುತ್ತಿದ್ದ.

ನಾನು ಒಬ್ಬಳೇ ಪಟ್ಟಿಗಳನ್ನು ಮಾಡಿದೆ. ಗಾಳಿಮೇಜು ಎಂದು ನಾನು ಕರೆಯುತ್ತಿದ್ದ ಆ ಹಲಗೆ ಹಿಡಿದದ್ದನ್ನು ಬಿಡಲಿಲ್ಲ, ಸೀಳು ನೂಲು ಹಿಡಿದ ಹಾಗೆ ನೇರ ಬರುತ್ತಿತ್ತು. ಆದರೂ ಮಶಿನ್ನಿಗೆ ಬೆನ್ನು ಮಾಡಿದಾಗಲೆಲ್ಲ ಸ್ಟೂಲಿನ ಮೇಲೆ ಯಾರೋ ಕೂತಿದ್ದಾರೆ ಅನ್ನಿಸುತ್ತಿತ್ತು. ಮುಂದಿನ ಕೋಣೆಯಲ್ಲಿ ಭಾವ ಗಿರಾಕಿಯೊಡನೆ ಮಾತಾಡುವ ದನಿ ಸ್ಪಷ್ಟವಾಗಿ ಕೇಳುತ್ತಿರುವಾಗಲೂ ಅನ್ನಿಸುತ್ತಿತ್ತು. ಸ್ಟೂಲನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ಆಮೇಲೆ ಆ ಜಾಗದಲ್ಲಿ ನಿಂತಿದ್ದಾರೆ ಅನ್ನಿಸತೊಡಗಿತು. ಅಕ್ಕ ಹೇಳಿದ ಕಾರ್ಖಾನೆಯ ಸತ್ತವನಾಗಿದ್ದರೆ ಪೂಜೆ ಮಾಡಿಸಬಹುದಿತ್ತು. ಬದುಕಿರುವವನು, ಪಕ್ಕದ ಕೋಣೆಯಲ್ಲಿರುವವನು ಹೀಗೆ ಬಂದು ನಿಂತರೆ ಯಾರನ್ನು ಕೇಳುವುದು?

ಒಂದೂವರೆ ವರ್ಷ ಹಾಗೆ ಕಳೆಯಿತು. ಅಷ್ಟರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಗಳು ಬರತೊಡಗಿದ್ದವು. ಯಲ್ಲಾಪುರದಲ್ಲಿ ಒಬ್ಬರು ಮೋಟಾರು ರಿಪೇರಿ ಅಂಗಡಿಯ ಅರ್ಧ ಜಾಗವನ್ನು ಬಾಡಿಗೆಗೆ ಕೊಡುತ್ತಾರೆ ಎಂದು ಗೊತ್ತಾಯಿತು. ಪಂಪಿನ ಬೋರ್ಡುಗಳಿಗೆ ತಗಡು ಕೊರೆದು ಕೊಡುವವರು ಆ ಕಡೆ ಇರಲಿಲ್ಲ. ಹೋಗುತ್ತೇನೆ ಎಂದೆ. ಅಕ್ಕ ಅತ್ತಳು. ಭಾವ, "ಮಶಿನ್ನೂ ತಗಂಡು ಹೋಗು. ಎಂಗೆ ಬ್ಯಾಡ" ಎಂದ. ಟೆಂಪೋಕ್ಕೆ ಹೇರುವಾಗ ತಾನೇ ನಿಂತು ಹಗ್ಗ ಬಿಗಿಸಿದ. ಗಾಳಿಮೇಜನ್ನು ಮಾತ್ರ ನಾನು ಚಾದರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ.

ಯಲ್ಲಾಪುರದಲ್ಲಿ ಕೆಲಸ ಹತ್ತಿತು. ಫಿಲಂ ಬದಲಾಯಿಸಿದೆ, ಹಳೆಯದನ್ನು ಎಸೆಯಲಾಗದೆ ಕಾಗದದಲ್ಲಿ ಸುತ್ತಿಟ್ಟೆ. ಹಬ್ಬಕ್ಕೆ ಶಿರಸಿಗೆ ಹೋಗುತ್ತಿದ್ದೆ, ಒಂದು ದಿನ ಇದ್ದು ಬರುತ್ತಿದ್ದೆ. ಭಾವ ಯಲ್ಲಾಪುರಕ್ಕೆ ಬರಲಿಲ್ಲ.

ಬಂದದ್ದು ಮೂರು ವರ್ಷದ ನಂತರ. ಹೇಳದೆ ಕೇಳದೆ, ಒಂದು ಮಧ್ಯಾಹ್ನದ ಬಸ್ಸಿಗೆ. ಹುಲೇಕಲ್ ಕಡೆಯ ಹಿರಿಯರೊಬ್ಬರು ತಮ್ಮ ಅಪ್ಪನ ಕಾಲದ ಸ್ಪ್ರಿಂಗ್ ತಕ್ಕಡಿಯನ್ನು ಹಾಗೇ ಉಳಿಸಿಕೊಳ್ಳಬೇಕೆಂದಿದ್ದರಂತೆ. ಅದಕ್ಕೊಂದು ಪಟ್ಟಿ ಬೇಕು. ಹಿತ್ತಾಳೆ ತಾನೇ ತಂದಿದ್ದ. ಗಾಜಿನ ಕಣ್ಣು ಹಾಕಿಸಿಕೊಂಡಿದ್ದ, ಕೂದಲು ಹಣ್ಣಾಗಿತ್ತು.

ಪಟ್ಟಿಯನ್ನು ಹಲಗೆಯ ಮೇಲಿಟ್ಟು ಕಂಪ್ರೆಸರ್ ಹಾಕಿದೆ. ಅಂಟಿತು. ಕಟರ್ ಇಳಿಸಿ ಸೀಳು ಕೊರೆದೆ, ಗೆರೆ ಎಳೆದೆ. ಅವನು ಕುರ್ಚಿಯಲ್ಲಿ ಕೂತು, ಮಶಿನ್ನನ್ನಲ್ಲ, ನನ್ನನ್ನು ನೋಡುತ್ತಿದ್ದ. ಮುಗಿಸಿ ಸ್ವಿಚ್ ತೆಗೆದ ಮೇಲೆ ಕೇಳಿದ.

"ನೆನಪಾದ್ದು ಯಾವಾಗ? ತಗಡು ಹಾರಿದ ಮೇಲೋ, ಮೊದಲೋ?"

ಇಷ್ಟು ವರ್ಷ ಅವನು ಅದನ್ನೇ ಯೋಚಿಸಿರಬೇಕು. ಸುಳ್ಳು ಹೇಳಬಹುದಿತ್ತು. ಅವನಿಗೆ ಬೇಕಾದದ್ದೂ ಅದೇ ಇತ್ತೋ ಏನೋ.

"ಮೊದಲು" ಎಂದೆ. "ಕಟರ್ ತಿರುಗ್ತಾ ಇತ್ತು. ತಗಡಿಗೆ ತಾಗಿತ್ತಿಲ್ಲೆ."

"ಕೂಗಲಾಗ್ತಿತ್ತು."

"ಹೌದು."

"ಮತ್ತೆಂತಕ್ಕೆ ಕೂಗಿದ್ದಿಲ್ಲೆ?"

"ನಾಚಿಕೆ ಆತು ಭಾವ. ಗಿರಾಕಿ ಎದುರಿಗೆ."

ಅವನು ನನ್ನ ಮುಖವನ್ನು ನೋಡುತ್ತಲೇ ಇದ್ದ. ಇನ್ನೇನೋ ಇದೆ, ಅದನ್ನೂ ಹೇಳುತ್ತೇನೆ ಎಂದು ಕಾಯುವವನ ಹಾಗೆ.

"ಅಷ್ಟೇಯ?"

"ಅಷ್ಟೇಯ."

ಚಹಾ ತರಿಸಿದೆ. ಕುಡಿದ. ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿಕೊಂಡು, ನಾಲ್ಕರ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದರೆ ಬೇಡವೆಂದ.

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. "ನಿನ್ನ ಭಾವ ಅಲ್ಲಿ ಎಂತ ಹೇಳಿದ?" ಎಂದು ಕೇಳಿದಳು.

"ಎಂತ ಇಲ್ಲೆ. ಅಲ್ಲಿ ಎಂತ ಹೇಳಿದ?"

"ಪಟ್ಟಿ ಚಲೋ ಆಜು ಹೇಳಿದ."

"ಮತ್ತೆ?"

"ಮತ್ತೆಂತ ಇಲ್ಲೆ. ಉಂಡು ಮನಗಿದ."